ಬದಲಿ ಟ್ರಾನ್ಸಿಸ್ಟರು ಮತ್ತು ಬಾಸಿಲ್ ಮಾಸ್ಟ್ರ ಗಂಟಲು

ಟ್ರಾನ್ಸಿಸ್ಟರಿಗೆ ಮೂರು ಕಾಲು. ಈ ಕತೆಗೂ ಮೂರೇ: ಮಂಗಳೂರಿನ ಹಂಪನಕಟ್ಟೆಯ ಮಹಡಿಯೊಂದರಲ್ಲಿ ರೇಡಿಯೊ ರಿಪೇರಿ ಮಾಡುತ್ತಿದ್ದ ತಾರಾನಾಥ, ಬಿಕರ್ನಕಟ್ಟೆಯ ನಿವೃತ್ತ ಶಿಕ್ಷಕ ಬಾಸಿಲ್ ಮಾಸ್ಟ್ರು, ಮತ್ತು ಬಿಎಸ್ಸಿ ಮುಗಿಸಿ ವಿಮಾ ಕಚೇರಿಯಲ್ಲಿ ಕೂತು, ಸಂಜೆ ತಾರಾನಾಥನಲ್ಲಿ ಊರವರ ಸ್ವರಗಳನ್ನು ಅನುಕರಿಸುತ್ತ ಹರಟುತ್ತಿದ್ದ ನಾನು. ನನ್ನ ಮಾತು ನಂಬಿ ಕೆಟ್ಟವರು ಊರಲ್ಲಿ ಸಾಕಷ್ಟು ಇದ್ದಾರೆ. ಆದರೆ ಈ ಕತೆಯ ಉಳಿದೆರಡು ಕಾಲುಗಳು ಈಗಲೂ ನಡೆದಾಡಿಕೊಂಡಿರುವುದರಿಂದ ಇಲ್ಲಿ ಸುಳ್ಳು ಹೇಳುವ ಧೈರ್ಯ ನನಗಿಲ್ಲ.

೧೯೮೨ರ ಮಾತು. ನಮ್ಮೂರ ಕ್ರೈಸ್ತ ಮದುವೆಗಳಲ್ಲಿ ಟೋಸ್ಟ್, ಅಂದರೆ ಗ್ಲಾಸೆತ್ತಿ ಮದುಮಕ್ಕಳಿಗೆ ಶುಭ ಕೋರುವ ಮಾತು, ಹೇಳುವುದರಲ್ಲಿ ಮಾಸ್ಟ್ರು ಹೆಸರಾದವರು. ಉಳಿದವರು ಗ್ಲಾಸು ಎತ್ತಿ ಮೈಕಿನೊಳಗೆ ಗುಡುಗಿದರೆ, ಇವರು ಮದುಮಗಳ ಕಿವಿಯಲ್ಲಿ ಗುಟ್ಟು ಹೇಳಿದಂತೆ ಮಾತಾಡುತ್ತಿದ್ದರು. ಊಟದ ಕಡೆ ನೋಡುತ್ತಿದ್ದವರೂ ತಿರುಗಿ ಕೂರುತ್ತಿದ್ದರು. ಆ ಮೆಲುದನಿಗೆಂದೇ ಹನ್ನೆರಡು ವರ್ಷಗಳಿಂದ ತಮ್ಮದೇ ಆಂಪ್ಲಿಫೈಯರನ್ನು ರಿಕ್ಷಾದಲ್ಲಿ ಒಯ್ಯುತ್ತಿದ್ದರು. ಶಾಲೆಯಲ್ಲಿ ಅವರು ಕಲಿಸಿದ ಗಣಿತ ನನಗೆ ಹತ್ತಲಿಲ್ಲ. ಅವರ ಸ್ವರ ಮಾತ್ರ ಪೂರ್ತಿ ಹತ್ತಿತು.

ಆ ಜನವರಿಯಲ್ಲಿ ಆಂಪ್ಲಿಫೈಯರಿನ ಕೊನೆಯ ಹಂತದ ಎರಡೂ ಟ್ರಾನ್ಸಿಸ್ಟರು ಸುಟ್ಟುಹೋದವು. ಹಳೆಯ ಜರ್ಮೇನಿಯಂ ಜಾತಿಯವು. ತಾರಾನಾಥ ಪೇಟೆಯ ಅಂಗಡಿಗಳನ್ನೆಲ್ಲ ಜಾಲಾಡಿದ, ತೊಕ್ಕೊಟ್ಟಿನ ಗುಜರಿಯಲ್ಲಿ ಸತ್ತ ರೇಡಿಯೊಗಳ ಹೊಟ್ಟೆ ಬಗೆದ, ಬೊಂಬಾಯಿಗೆ ಕಾಗದ ಬರೆದ. ಆ ನಂಬರು ಈಗ ಬರುವುದಿಲ್ಲ ಎಂದು ಉತ್ತರ ಬಂತು. ಕೊನೆಗೆ ಪುಟಗಳು ಕಳಚಿದ್ದ ಬದಲಿ ನಂಬರುಗಳ ಪುಸ್ತಕ ತೆರೆದು, ಅದು ತೋರಿಸಿದ ಸಿಲಿಕಾನ್ ಜೋಡಿಯೊಂದನ್ನು ಕೂರಿಸಿದ.

"ಇದಲ್ಲದಿದ್ರೆ ಅದು, ಮಾರಾಯ. ಪುಸ್ತಕದಲ್ಲೇ ಉಂಟಲ್ಲ!" ಎಂದು ಮೈಕು ಹಿಡಿದು, "ಹಲೋ! ಹಲೋ! ವನ್ ಟೂ ತ್ರೀ!" ಎಂದು ಕಿರುಚಿದ. ಗಂಟೆ ಹೊಡೆದಂತೆ ಕೇಳಿತು. ನಾನೂ ಚುನಾವಣೆಯ ಭಾಷಣಕಾರನೊಬ್ಬನ ಸ್ವರದಲ್ಲಿ ಘರ್ಜಿಸಿ ಸರ್ಟಿಫಿಕೇಟು ಕೊಟ್ಟೆ.

ತಿಂಗಳಾದ ಮೇಲೆ ಮಾಸ್ಟ್ರು ಅದೇ ಪೆಟ್ಟಿಗೆಯನ್ನು ತಂದು ಮೇಜಿನ ಮೇಲಿಟ್ಟರು. ಮಂಗಳೂರಿನ ಸೆಕೆಯಲ್ಲಿ ಕುತ್ತಿಗೆಗೆ ಮಫ್ಲರ್.

"ಯಾರಿಗಾದ್ರೂ ಕೊಡು ತಾರಾನಾಥ. ನನಗೆ ಇನ್ನು ಬೇಡ."

"ಎಂತ ಆಯ್ತು ಮಾಸ್ಟ್ರೇ? ಸೌಂಡ್ ಇಲ್ವಾ?"

"ಸೌಂಡ್ ಉಂಟು. ಸ್ವರ ಇಲ್ಲ, ನನ್ನದು. ಎರಡು ಮದುವೆಯಲ್ಲಿ ಗರಗರ ಅಂತ ಒಡೆದು ಬಂತು. ಜನ ಪಾಪ ಅಂದ್ರು. ಗಂಟಲಲ್ಲಿ ಎಂತ ಇಲ್ಲ, ಪ್ರಾಯ ಅಂತಾರೆ ಡಾಕ್ಟ್ರು. ಬುಧವಾರ ತಂಗಿಯ ಮಗಳು ಗ್ಲ್ಯಾಡಿಸಳ ಮದುವೆ. ಟೋಸ್ಟಿಗೆ ಬೇರೆಯವರನ್ನು ನೋಡಿ ಅಂತ ಹೇಳಿ ಬಂದೆ." ಮಫ್ಲರನ್ನು ಇನ್ನೊಂದು ಸುತ್ತು ಬಿಗಿದುಕೊಂಡು ಹೇಳಿದರು, "ಅವಳನ್ನು ಎತ್ತಿ ಆಡಿಸಿದವ ನಾನು."

ತಾರಾನಾಥ ಮತ್ತೆ ಮೈಕಿನಲ್ಲಿ ಕಿರುಚಿ ನೋಡಿದ. ಸ್ಪಷ್ಟ. "ಮೆಶಿನ್ ಸರಿ ಉಂಟು ಮಾಸ್ಟ್ರೇ" ಎಂದ, ಅಪರಾಧಿಯ ಹಾಗೆ.

"ಮೆಶಿನಿಗೆ ಬದಲಿ ಸಿಕ್ಕಿತು. ಗಂಟಲಿಗೆ ಎಲ್ಲಿ ಸಿಗ್ತದೆ?"

ಅನುಕರಣೆ ಮಾಡುವವನಿಗೆ ಒಂದು ಚಟವಿರುತ್ತದೆ. ಎದುರಿನವರು ಏನು ಹೇಳುತ್ತಾರೆ ಎನ್ನುವುದಕ್ಕಿಂತ ಹೇಗೆ ಹೇಳುತ್ತಾರೆ ಎಂಬುದೇ ಕಿವಿಗೆ ಬೀಳುವುದು. ಮೇಜಿನ ಆಚೆಯಿಂದ ಬರುತ್ತಿದ್ದದ್ದು ನನ್ನ ಆರನೇ ಕ್ಲಾಸಿನ ಅದೇ ಸ್ವರ. ಕೂದಲು ನರೆತಿತ್ತು, ಸ್ವರ ನರೆತಿರಲಿಲ್ಲ.

"ಮಾಸ್ಟ್ರೇ, ನಿಮ್ಮ ಮೊನ್ನೆಯ ಟೋಸ್ಟಿನ ಕ್ಯಾಸೆಟ್ ಒಂದು ನನ್ನತ್ರ ಉಂಟು. ಇದಕ್ಕೆ ಸಿಕ್ಕಿಸ್ತೇನೆ, ಕೇಳಿ" ಎಂದು, ವಯರು ಎಳೆಯುವ ನೆಪದಲ್ಲಿ ಮೈಕನ್ನೂ ಎಳೆದುಕೊಂಡು ಅಂಗಡಿಯ ಪ್ಲೈವುಡ್ ಅಡ್ಡಗೋಡೆಯ ಹಿಂದೆ ಹೋದೆ.

"ಮೊಗಾಚ್ಯಾ ಸಯ್ರ್ಯಾಂನೊ..."

ಪ್ರೀತಿಯ ನೆಂಟರೇ ಎಂದು ಮಾಸ್ಟ್ರು ಕೊಂಕಣಿಯಲ್ಲಿ ಟೋಸ್ಟ್ ಆರಂಭಿಸುತ್ತಿದ್ದುದು ಹಾಗೆ, ಅಷ್ಟೇ ಮೆಲ್ಲಗೆ. ಸ್ಪೀಕರಿನಿಂದ ಅದು ಗರಗರ ಒಡೆದು, ತಗಡನ್ನು ಮರಳಿನ ಮೇಲೆ ಎಳೆದಂತೆ ಹೊರಬಂತು.

"ಕೇಳಿದ್ಯಾ ತಾರಾನಾಥ?" ಗೋಡೆಯ ಆಚೆ ಮಾಸ್ಟ್ರು ಹೇಳುತ್ತಿದ್ದರು. "ನಾನೇ. ಮುಗೀತು."

ಮೈಕು ಹಿಡಿದೇ ಹೊರಗೆ ಬಂದೆ. "ಮುಗೀಲಿಲ್ಲ ಮಾಸ್ಟ್ರೇ. ಕ್ಯಾಸೆಟ್ ಇಲ್ಲ, ಎಂತ ಇಲ್ಲ. ಇದು ನಾನು" ಎಂದೆ, ಅವರದೇ ಮೆಲುದನಿಯಲ್ಲಿ. ಅದೂ ಒಡೆದೇ ಬಂತು. "ನನಗೆ ಮೂವತ್ತು. ನನ್ನದೂ ಪ್ರಾಯವಾ?"

ತಾರಾನಾಥ ಹಣೆ ಬಡಿದುಕೊಂಡ. "ಅಯ್ಯೋ, ಬಯಾಸ್! ಟ್ರಾನ್ಸಿಸ್ಟರ್ ಬದಲಿಸಿದೆ, ಬಯಾಸ್ ಹಳೆಯದೇ ಬಿಟ್ಟೆ!"

ಅವನು ವಿವರಿಸಿದ್ದು ಇಷ್ಟು. ಹಳೆಯ ಟ್ರಾನ್ಸಿಸ್ಟರು ಬೆರಳು ತಾಗಿದರೆ ತೆರೆಯುವ ಬಾಗಿಲು; ಹೊಸದಕ್ಕೆ ಭುಜ ಕೊಡಬೇಕು. ಕಿರುಚುವವರು ಹೇಗೂ ನುಗ್ಗುತ್ತಾರೆ, ಮೆಲ್ಲಗೆ ಮಾತಾಡುವವರ ಮಾತು ಹೊಸ್ತಿಲಲ್ಲೇ ತುಂಡಾಗುತ್ತದೆ. ಬಾಗಿಲನ್ನು ಮೊದಲೇ ಒಂಚೂರು ಸರಿಸಿಡುವುದೇ ಬಯಾಸ್; ಅದು ಒಂದು ರೆಸಿಸ್ಟರಿನ ಕೆಲಸ. ನಾವಿಬ್ಬರೂ ಕಿರುಚಿಯೇ ಪರೀಕ್ಷಿಸಿದ್ದೆವು. ಗುಟ್ಟು ಹೇಳಿ ಮೈಕು ಪರೀಕ್ಷಿಸುವವರನ್ನು ನಾನಂತೂ ಈವರೆಗೆ ಕಂಡಿಲ್ಲ.

ಮಾಸ್ಟ್ರು ನನ್ನನ್ನೊಮ್ಮೆ, ಪೆಟ್ಟಿಗೆಯನ್ನೊಮ್ಮೆ ನೋಡಿದರು. ಬೈಗುಳಕ್ಕೆ ನಾನು ಬೆನ್ನು ಸಿದ್ಧಮಾಡಿಕೊಂಡೆ. ಅವರು ನಿಧಾನವಾಗಿ ಮಫ್ಲರ್ ಬಿಚ್ಚಿದರು.

"ಅಂದ್ರೆ ಒಂದು ತಿಂಗಳು ನಾನು ಉಪ್ಪುನೀರಲ್ಲಿ ಬಾಯಿ ಮುಕ್ಕಳಿಸಿದ್ದು ಈ ಪೆಟ್ಟಿಗೆಯ ಗಂಟಲಿಗಾ?"

ಮೊದಲು ತಾರಾನಾಥ ನಕ್ಕ, ಆಮೇಲೆ ನಾನು.

"ಬೇಗ ಸರಿಮಾಡು ಮಾರಾಯ! ಗ್ಲ್ಯಾಡಿಸಳ ಟೋಸ್ಟ್ ಬೇರೆ ಯಾರೋ ಹೇಳುವುದಾ?" ಎನ್ನುತ್ತಲೇ ಮಾಸ್ಟ್ರು ಮೇಜು ಹಿಡಿದು ಬಗ್ಗಿದರು. ಆ ಮನುಷ್ಯನೊಳಗಿಂದ ಅಷ್ಟು ಗಟ್ಟಿಯಾದ ನಗು ಬಂದೀತೆಂದು ನಾನು ನೆನೆಸಿರಲಿಲ್ಲ. ನಮ್ಮಿಬ್ಬರ ನಗು ನಿಂತ ಮೇಲೂ ಅವರದು ನಿಲ್ಲಲಿಲ್ಲ.