ಉಣ್ಣಿ ಹಿಡಿಯುವವಳು

"ಒಂದ ಉಣ್ಣಿ ಹೊಸ್ತಿಲಾ ದಾಟಿ ಒಳಗ ಬಂದ್ರೂ ಈ ಕೆಲಸಾ ಬಿಡ್ತೇನಿ ಅವ್ವಾ, ನಿನ್ನ ಆಣಿ."

ಮಂಗನ ಕಾಯಿಲೆ ಹರಡುವ ಉಣ್ಣಿಗಳ ಸಂಶೋಧನೆಗೆ ಸೇರಿದ ವರ್ಷ ದ್ರಾಕ್ಷಾಯಣಿ ತಾಯಿ ಕಾಶೆವ್ವನಿಗೆ ಹೀಗೆ ಮಾತು ಕೊಟ್ಟಿದ್ದಳು. ಆಗ ಅವಳಿಗಿನ್ನೂ ಮದುವೆಯಾಗಿರಲಿಲ್ಲ. ಈಗ ಮಗಳು ಸುವರ್ಣಾ ಶಾಲೆಯಲ್ಲಿ ಒಂದನೇ ಇಯತ್ತೆ.

ಸನವಳ್ಳಿಯಾಚೆಯ ಕಾಡಿನಲ್ಲಿ ತರಗೆಲೆಯ ಮೇಲೆ ಬಿಳಿ ಬಟ್ಟೆ ಎಳೆಯುವುದು, ಅದಕ್ಕೆ ಹತ್ತಿಕೊಂಡ ಉಣ್ಣಿಗಳನ್ನು ಚಿಮಟದಿಂದ ಹೆಕ್ಕಿ ಶೀಶೆಗೆ ತುಂಬಿ ಪ್ರಯೋಗಾಲಯಕ್ಕೆ ಕೊಡುವುದು ಅವಳ ಕೆಲಸ. ಅಂಥ ದಿನ ಮುಂಬಾಗಿಲಿನಿಂದ ಅವಳಿಗೆ ಪ್ರವೇಶವಿಲ್ಲ. ನೇರ ಹಿತ್ತಲ ಬಚ್ಚಲಿಗೆ. ಉಟ್ಟಿದ್ದು ತೊಟ್ಟಿದ್ದೆಲ್ಲ ಕುದಿಯುವ ಹಂಡೆಗೆ. ಕಾಶೆವ್ವನದೇ ಕಾವಲು.

"ಬಂದಳ ನೋಡ ಉಣ್ಣಿ ಡಾಕ್ಟರು! ಮಂದಿ ಮಕ್ಕಳು ಡಾಕ್ಟರಾದ್ರ ಸೂಜಿ ಹಿಡೀತಾವ, ನಂದು ಉಣ್ಣಿ ಹಿಡೀತೈತಿ. ಬಿಚ್ಚ ಕೂದಲಾ, ನೋಡ್ತೇನಿ."

"ಮಂದಿಗೆ ಸೂಜಿ ಪಾಳಿ ಬರಬಾರ್ದಂತನ ಉಣ್ಣಿ ಹಿಡಿಯೂದವ್ವಾ."

ಈ ಸಲ ಶಿವರಾತ್ರಿಗೆ ಮುಂಚೆಯೇ ಕಾಡಿನಲ್ಲಿ ಮಂಗಗಳು ಸತ್ತು ಬೀಳತೊಡಗಿದವು. ಒಂದು ಬೆಳಿಗ್ಗೆ ಮಗಳ ತಲೆ ಬಾಚುತ್ತಿದ್ದ ದ್ರಾಕ್ಷಾಯಣಿಯ ಕೈ ನಿಂತುಬಿಟ್ಟಿತು. ಕಿವಿಯ ಹಿಂದೆ ಗಸಗಸೆಯಷ್ಟು ಕಪ್ಪು ಚುಕ್ಕೆ. ಚುಕ್ಕೆಗೆ ಕಾಲುಗಳಿದ್ದವು.

"ಮಮ್ಮಿ, ಯಾಕ ಸುಮ್ಮನಾದಿ?"

"ಅಳ್ಳಾಡಬ್ಯಾಡ ಪುಟ್ಟಿ."

ಸಾವಿರಾರು ಉಣ್ಣಿ ಹೆಕ್ಕಿದ ಚಿಮಟದಿಂದಲೇ ಇದನ್ನೂ ಬುಡಸಮೇತ ಕಿತ್ತಳು. ಕಿತ್ತಿದ್ದನ್ನು ಶೀಶೆಗೆ ಹಾಕಿ ಮುಚ್ಚಳ ತಿರುಗಿಸಿದಳು.

"ಒಲಿಯಾಗ ಒಗೀ ಅದನ್ನ!" ಕಾಶೆವ್ವ ಚೀರಿದಳು.

"ಸುಟ್ರ ಅದರಾಗ ರೋಗ ಇತ್ತೋ ಇಲ್ಲೋ ಹ್ಯಾಂಗ ತಿಳೀತೈತಿ?"

ಕಾಡಿನಿಂದ ಬಂದಾಗ ಬಟ್ಟೆ ಕುದಿಸಿದ್ದಾಗಿತ್ತು, ತಲೆಗೆ ಎರೆದುಕೊಂಡಿದ್ದಾಗಿತ್ತು. ಮತ್ತೆ ಬಂದದ್ದೆಲ್ಲಿಂದ? ಕಾಶೆವ್ವನ ಕಣ್ಣು ಮಗಳ ಕೊರಳಿಗೆ ಹೋಯಿತು. ಲಿಂಗವಸ್ತ್ರ. ಇಷ್ಟಲಿಂಗ ಕಟ್ಟಿದ ಆ ಬಟ್ಟೆ ಮೈಬಿಟ್ಟು ಹೋಗುವುದೇ ಇಲ್ಲ. ಹಂಡೆಗೆ ಹಾಕಬೇಕೆಂದು ಇಬ್ಬರಿಗೂ ಒಮ್ಮೆಯೂ ಹೊಳೆದಿರಲಿಲ್ಲ. ದಿನಾ ಪೂಜೆಗೆ ಕೂತಾಗ ಸುವರ್ಣಾ ತೊಡೆಯೇರಿ ಅದೇ ಕೊರಳಿಗೆ ತಲೆಯಾನಿಸುತ್ತಿದ್ದಳು. ದ್ರಾಕ್ಷಾಯಣಿ ಲಿಂಗವನ್ನು ಅಂಗೈಗೆ ತೆಗೆದುಕೊಂಡು ವಸ್ತ್ರವನ್ನು ತಟ್ಟೆಯ ಮೇಲೆ ಕೊಡವಿದಾಗ ಇನ್ನೂ ಎರಡು ಹರಿದಾಡಿದವು.

ಕಾಶೆವ್ವ ಮೊಮ್ಮಗಳನ್ನು ಎಳೆದು ದೂರ ಕೂರಿಸಿದಳು. "ಶಿವನೇ, ನಿನ್ನ ನೆರಳಾಗ ಉಣ್ಣಿ ಬಂದ್ವಲ್ಲೋ."

ಜ್ವರ ಬರುವುದಿದ್ದರೆ ವಾರದೊಳಗೆ ಬರುತ್ತದೆ. ಬಂದರೆ ಅದನ್ನು ಕೊಲ್ಲುವ ಔಷಧಿಯಿಲ್ಲ. ಇದು ಆ ಮನೆಯಲ್ಲಿ ಗೊತ್ತಿದ್ದದ್ದು ದ್ರಾಕ್ಷಾಯಣಿಗೊಬ್ಬಳಿಗೇ, ಬಾಯಿಬಿಟ್ಟು ಹೇಳಲಿಲ್ಲ. ಹೊತ್ತುಹೊತ್ತಿಗೆ ಥರ್ಮಾಮೀಟರ್ ಇಟ್ಟಳು, ವಸಡಿನಲ್ಲಿ ರಕ್ತ ಒಸರಿದೆಯೇ ಎಂದು ತುಟಿಯೆತ್ತಿ ನೋಡಿದಳು. ಒಂದು ಮಧ್ಯಾಹ್ನ ಹುಡುಗಿಯ ಹಣೆ ಬೆಂಕಿಯಾಗಿತ್ತು. ದ್ರಾಕ್ಷಾಯಣಿ ಗಾಡಿಯ ಕೀಲಿ ಹುಡುಕುವಾಗ ಸುವರ್ಣಾ ಅಜ್ಜಿ ಇದ್ದ ಕಡೆ ನೋಡಿ ಅಂದಳು: "ಬಿಸಲಾಗ ಕುಂಟಲಿಪಿ ಆಡಾಕ ಹೋಗಿದ್ನಿ, ಆಯಿಗೆ ಹೇಳಬ್ಯಾಡ." ನೆರಳಲ್ಲಿ ಕೂರಿಸಿದ ಮೇಲೆ ಹುಡುಗಿಯ ಮೈ ತಣ್ಣಗಾಯಿತು. ತಾಯಿ ಮಾತ್ರ ಸಂಜೆಯವರೆಗೂ ಥರ್ಮಾಮೀಟರ್ ಕೆಳಗಿಡಲಿಲ್ಲ.

ವಾರ ಕಳೆಯಿತು. ಜ್ವರ ಬರಲಿಲ್ಲ. ಶೀಶೆಯಲ್ಲಿ ಕಳಿಸಿದ್ದ ಮೂರೂ ಉಣ್ಣಿಗಳಲ್ಲಿ ವೈರಸ್ ಇಲ್ಲವೆಂದು ಪ್ರಯೋಗಾಲಯದಿಂದ ಫೋನೂ ಬಂತು.

ಕಾಶೆವ್ವ ದೀಪ ಹಚ್ಚಿ ಬಂದು ಎದುರಿಗೆ ಕೂತಳು. "ಕೊಟ್ಟ ಮಾತು ನೆನಪೈತಿಲ್ಲೋ?"

"ಐತಿ."

"ಮತ್ತ?"

"ಚಿಗಳ್ಳಿ ಹೊಲದಾಗ ಮಂಗ್ಯಾ ಸತ್ತೈತಂತ. ಅಲ್ಲೇ ಹುಡುಗರು ಆಡ್ತಾವಂತ. ಅವರ ಕಿವಿ ಹಿಂದ ನೋಡವ್ರು ಯಾರದಾರವ್ವಾ?"

"ನಿನಗ ಹೆದರಿಕಿ ಇಲ್ಲೇನ?"

"ಬಾಳ ಐತಿ."

ಮರುದಿನ ಬೆಳಿಗ್ಗೆ ದ್ರಾಕ್ಷಾಯಣಿ ಚಿಗಳ್ಳಿಗೆ ಹೋದಳು. ಅವ್ವನಿಗೆ ಕೊಟ್ಟ ಮಾತನ್ನು ಮುರಿದಳು.