ಏಳು ಹೆಬ್ಬೆರಳು, ಒಂದು ಕಿವಿ

ಅರ್ಜೆಂಟಲ್ಲದ ಕಾಯಿಲೆಗೆ ಈ ಊರಿನಲ್ಲಿ ಐದೇ ದಿನಕ್ಕೆ ಡಾಕ್ಟರ ಅಪಾಯಿಂಟ್‌ಮೆಂಟ್ ತಂದ ಗಂಡು ಯಾರಾದರೂ ಇದ್ದರೆ ಅದು ನಾನು. ನಗಬೇಡಿ. ಕಳೆದ ಸಲ ನೀವು ಫೋನ್ ಮಾಡಿದಾಗ ಏನಾಯಿತು ಅಂತ ಒಮ್ಮೆ ನೆನಪಿಸಿಕೊಳ್ಳಿ. ಆ ಟೊಯ್ ಟೊಯ್ ಸಂಗೀತ ಕೇಳುತ್ತಾ ಎಷ್ಟು ಹೊತ್ತು ನಿಂತಿದ್ದಿರಿ? ನಾನು ಬರಿಗೈಯಲ್ಲಿ ಕ್ಲಿನಿಕ್ಕಿನೊಳಗೆ ನಡೆದೆ. ಇಡೀ ಹಾಲ್ ನೋಡುತ್ತಿರುವಾಗ ಮಾತಾಡಿದೆ. 'ಮಂಗಳವಾರ, ಹನ್ನೊಂದು ಇಪ್ಪತ್ತು' ಎಂದು ಬರೆದ ಚೀಟಿ ಹಿಡಿದು ಹೊರಗೆ ಬಂದೆ. ಜನ ಎದ್ದು ನಿಂತು ಚಪ್ಪಾಳೆ ಹೊಡೆದರು. ವಾಚ್‌ಮನ್ ಸೆಲ್ಯೂಟ್ ಹೊಡೆದ. ಹಿನ್ನೆಲೆ ಸಂಗೀತ ಒಂದು ಇರಲಿಲ್ಲ, ಅದನ್ನು ನಾನೇ ಬಾಯಲ್ಲಿ ಹಾಕಿಕೊಂಡೆ.

ಚೀಟಿ ನನಗಲ್ಲ, ದೊಡ್ಡಮ್ಮನಿಗೆ. ಅಮ್ಮನ ಅಕ್ಕ, ಮೂರು ವರ್ಷದವನಿದ್ದಾಗಿನಿಂದ ನನ್ನನ್ನು ಸಾಕಿದವಳು. ದೊಡ್ಡ ಟೈಲರ್ ಅಂಗಡಿಯೊಂದರಲ್ಲಿ ಕೋಟುಗಳಿಗೆ ಕೈಯಿಂದ ಕಾಜ ಹೊಲಿಯುತ್ತಾಳೆ. ಕಾಜ ಅಂದರೆ ಗುಂಡಿ ತೂರಿಸುವ ಕಂಡಿ. ಅಷ್ಟೇನಾ ಅನ್ನಬೇಡಿ. ಬಟ್ಟೆ ಕತ್ತರಿಸುವವರು, ತೋಳು ಕೂಡಿಸುವವರು, ಇಸ್ತ್ರಿ ಹಾಕುವವರು, ಎಲ್ಲರ ಕೈ ದಾಟಿ ಕೋಟು ಕೊನೆಗೆ ಬಂದು ನಿಲ್ಲುವುದು ದೊಡ್ಡಮ್ಮನ ತೊಡೆಯ ಮೇಲೆ. ಒಂದು ಕಾಜಕ್ಕೆ ಇಪ್ಪತ್ತು ನಿಮಿಷ. ರೇಷ್ಮೆ ದಾರದ ಗಂಟುಗಳು ಇರುವೆ ಸಾಲಿನ ಹಾಗೆ ಒಂದರ ಹಿಂದೆ ಒಂದು ಕೂರುತ್ತವೆ, ಯಾವುದೂ ಪಕ್ಕದ್ದನ್ನು ತಳ್ಳುವುದಿಲ್ಲ. ಇಪ್ಪತ್ತು ವರ್ಷದ ಹಿಂದಿನ ಕೋಟುಗಳು ರಿಪೇರಿಗೆ ಬಂದರೆ ಮೊಣಕೈ ಸವೆದಿರುತ್ತದೆ, ಕಾಲರ್ ಸವೆದಿರುತ್ತದೆ, ದೊಡ್ಡಮ್ಮನ ಕಾಜ ಮಾತ್ರ ಮದುಮಗನ ಹಾಗೆ ನಿಂತಿರುತ್ತದೆ.

ಆ ದೊಡ್ಡಮ್ಮನ ಬಲಗೈ ಹೆಬ್ಬೆರಳು ಮುಷ್ಕರ ಹೂಡಿತು. ಮಡಚಿದರೆ ಮಡಚಿಕೊಂಡೇ ಇರುತ್ತಿತ್ತು. ಎಡಗೈಯಿಂದ ಎಳೆದರೆ ಬಾಗಿಲ ಚಿಲಕದ ಹಾಗೆ ಟಕ್ ಎಂದು ಬಿಡುತ್ತಿತ್ತು. ಸೂಜಿ ಹಿಡಿಯುವುದಿರಲಿ, ಸಿಟ್ಟು ಬಂದಾಗ ನನ್ನ ಕಿವಿ ಹಿಂಡುವುದಕ್ಕೂ ಅವಳ ಕೈಲಿ ಆಗುತ್ತಿರಲಿಲ್ಲ. ನಾನು ಅದನ್ನು ಒಳ್ಳೆಯ ಕಾಲ ಅಂದುಕೊಂಡಿದ್ದೆ, ಅಂಗಡಿಗೆ ಊಟದ ಡಬ್ಬಿ ಕೊಡಲು ಹೋಗುವ ತನಕ. ಮೂಲೆಯಲ್ಲಿ ಬಿಳಿ ಬಟ್ಟೆ ಹೊದ್ದುಕೊಂಡು ಕಾಜ ಹೊಲಿಯುವ ಒಂದು ಹೊಸ ಮೆಷಿನ್ ನಿಂತಿತ್ತು. ವಾದ್ಯಗೋಷ್ಠಿಯವರಿಗೆ ನಲವತ್ತು ಕೋಟು, ಕೋಟಿಗೆ ನಾಲ್ಕು ಕಾಜ, ತಿಂಗಳ ಕೊನೆಗೆ ಶುರು. ಅಷ್ಟರೊಳಗೆ ಬೆರಳು ಸರಿಹೋದರೆ ಕೆಲಸ ದೊಡ್ಡಮ್ಮನಿಗೆ, ಇಲ್ಲದಿದ್ದರೆ ಮೆಷಿನ್ನಿಗೆ ಎಂದು ಕಟಿಂಗ್ ಮಾಸ್ಟರ್ ಹೇಳಿದ್ದರಂತೆ. ಅವರೇನೂ ಕೆಟ್ಟವರಲ್ಲ. ಹೇಳುವಾಗ ದೊಡ್ಡಮ್ಮನ ಮುಖ ನೋಡಲಿಲ್ಲವಂತೆ. ದೊಡ್ಡಮ್ಮ ಆ ಬಿಳಿ ಬಟ್ಟೆಯ ಕಡೆ ನೋಡಲಿಲ್ಲ. ಅವಳ ಮೂವತ್ತು ವರ್ಷದ ಕೆಲಸದ ಎದುರು ಮೂರು ವಾರ. ವಿಲನ್ ಎಂಟ್ರಿ ಆಗಿತ್ತು. ಹೀರೋ ಎಲ್ಲಿ ಅಂತ ನಾನು ಆ ಕಡೆ ಈ ಕಡೆ ನೋಡಿ, ಬೇರೆ ಯಾರೂ ಕಾಣದೆ, ಕಾಲರ್ ಎತ್ತಿಕೊಂಡೆ.

ಕ್ಲಿನಿಕ್ಕಿನ ಫೋನ್ ತೆರೆಯುವುದು ಬೆಳಿಗ್ಗೆ ಎಂಟಕ್ಕೆ. ಏಳು ಐವತ್ತೊಂಬತ್ತಕ್ಕೆ ಮಾಡಿದರೆ ಇನ್ನೂ ಸಮಯವಾಗಿಲ್ಲ ಎನ್ನುವ ರೆಕಾರ್ಡು. ಎಂಟಕ್ಕೆ ಸರಿಯಾಗಿ ಮಾಡಿದರೆ ನೀವು ಹದಿನೇಳನೆಯವರು. ಎಂಟೂ ಐವತ್ತಕ್ಕೆ ಒಬ್ಬ ಅಕ್ಕ ಸಿಕ್ಕಿ, ಅರ್ಜೆಂಟಾ ಅಂತ ಕೇಳುತ್ತಾರೆ. ಅಲ್ಲ ಅಂದರೆ ಇವತ್ತಿನದು ಮುಗಿಯಿತು, ನಾಳೆ ಮಾಡಿ. ಹೌದು ಅಂದರೆ ಇಲ್ಲಿ ಯಾಕೆ ಮಾಡಿದಿರಿ, ದೊಡ್ಡಾಸ್ಪತ್ರೆಗೆ ಹೋಗಿ. ಮನುಷ್ಯನಿಗೆ ಇವೆರಡರ ನಡುವೆ ಕಾಯಿಲೆ ಬರಲೇಬಾರದು. ಅತ್ತ ದರಿ, ಇತ್ತ ಪುಲಿ, ನಡುವೆ ಹೆಬ್ಬೆರಳು.

ಬಿದ್ದು ಕೈ ಮುರಿದಿದೆ ಅಂತ ಹೇಳಿಬಿಡು ಎಂದು ನಾನು ದೊಡ್ಡಮ್ಮನಿಗೆ ಉಪಾಯ ಕೊಟ್ಟೆ.

"ಯಾರಿಗೋ ನಿಜವಾಗ್ಲೂ ಮುರಿದಿರುತ್ತೆ ಕಣೋ," ಅಂದಳು. "ಅವರ ಜಾಗದಲ್ಲಿ ನಾನು ಹೋಗಿ ಕೂರಲಾ? ನನ್ನ ಸರದಿ ಬಂದಾಗ ಹೋಗ್ತೀನಿ."

ಹರಿಶ್ಚಂದ್ರನ ವಂಶದವರ ಮನೆಯಲ್ಲಿ ಬೆಳೆಯುವುದು ಸುಲಭವಲ್ಲ. ಅದಕ್ಕೇ ನಾನು ಅವಳಿಗೆ ಹೇಳದೆ ಪ್ಲಾನ್ ಮಾಡಿದೆ.

ನಾನು ಕೆಲಸ ಮಾಡುವುದು ಮೊಬೈಲ್ ರಿಪೇರಿ ಅಂಗಡಿಯಲ್ಲಿ. ಸಿಗ್ನಲ್ ಪರೀಕ್ಷಿಸಲು ನಮ್ಮಲ್ಲಿ ಏಳು ಸಿಮ್‌ಗಳಿವೆ. ನನ್ನ ಗಂಟಲಿನಲ್ಲಿ ಏಳಲ್ಲ, ಎಪ್ಪತ್ತು ದನಿಗಳಿವೆ. ಅಪಾಯಿಂಟ್‌ಮೆಂಟ್ ಸಿಗದಿದ್ದರೂ ಕಾಯುವವರ ಪಟ್ಟಿಗೆ ಹೆಸರು ಸೇರಿಸಬಹುದು, ಯಾರಾದರೂ ತಪ್ಪಿಸಿಕೊಂಡರೆ ಮೇಲಿನಿಂದ ಒಬ್ಬೊಬ್ಬರನ್ನೇ ಕರೆಯುತ್ತಾರೆ ಎಂದು ಆ ಅಕ್ಕ ಹೇಳಿದ್ದೇ ತಡ, ಒಂದೇ ಬೆಳಿಗ್ಗೆ ಏಳು ಜನ ಹುಟ್ಟಿದರು. ನಿವೃತ್ತ ಮೇಜರ್. ಮೂಗಿನಲ್ಲಿ ಮಾತಾಡುವ ಸಂಗೀತದ ಮೇಷ್ಟ್ರು. ಮಾತಿಗೊಮ್ಮೆ ಕೆಮ್ಮುವ ಜಮೀನ್ದಾರ. ಅಳುಬುರುಕ ಅಳಿಯ. ಮೂವರು ಹೆಂಗಸರು, ಅವರಲ್ಲಿ ಒಬ್ಬರಿಗೆ ಕಿವಿ ಕೇಳುವುದಿಲ್ಲ. ಎಲ್ಲರಿಗೂ ಬಲಗೈ ಹೆಬ್ಬೆರಳೇ. ಎಂಟನೆಯದಾಗಿ, ಇರಲಿ ಅಂತ, ದೊಡ್ಡಮ್ಮನ ನಿಜವಾದ ಹೆಸರು ಮತ್ತು ನಂಬರ್. ಏಳರಲ್ಲಿ ಯಾರಿಗೆ ಮೊದಲು ಕರೆ ಬಂದರೂ ಆ ಜಾಗಕ್ಕೆ ದೊಡ್ಡಮ್ಮನನ್ನು ತೂರಿಸುವುದು ನನ್ನ ಲೆಕ್ಕ. ಮಾಸ್ಟರ್ ಪ್ಲಾನ್.

ಮಾಸ್ಟರ್ ಪ್ಲಾನಿಗೆ ಎರಡು ತೂತುಗಳಿದ್ದವು. ಮೊದಲನೆಯದು, ಸಿಮ್‌ಗಳನ್ನು ಹಾಕಿದ್ದ ಫೋನುಗಳು ರಿಪೇರಿಯಾಗಿ ಅವರವರ ಮನೆಗೆ ಹೋದವು. ನನ್ನ ಏಳು ಜನ ಸ್ಕ್ರೂಗಳ ಡಬ್ಬಿಯಲ್ಲಿ ಮಲಗಿದರು. ಎರಡನೆಯದು ಕ್ಲಿನಿಕ್ಕಿನ ನಿಯಮ. ಫೋನ್ ಎತ್ತದವರನ್ನು ಮೂರು ದಿನ ಕರೆದು, ಆಮೇಲಷ್ಟೇ ಹೆಸರು ಹೊಡೆದುಹಾಕುತ್ತಾರೆ. ಏಳು ಮೂರಲ ಇಪ್ಪತ್ತೊಂದು. ಮೂರು ವಾರ. ಅಂದರೆ ದೊಡ್ಡಮ್ಮನ ದಾರಿಗೆ ಅಡ್ಡ ಬಂದು ಕೂತವನು ಮೆಷಿನ್ ಅಲ್ಲ, ನಾನು.

ಇದು ಗೊತ್ತಾದದ್ದು ನಾಲ್ಕನೇ ದಿನ ಸಂಜೆ, ಊಟಕ್ಕೆ ಕೂತಾಗ. ದೊಡ್ಡಮ್ಮ ಎಡಗೈಯಲ್ಲಿ ಬಡಿಸುತ್ತಾ, ಅಂಗಡಿಯಿಂದಲೇ ಕ್ಲಿನಿಕ್ಕಿಗೆ ಫೋನ್ ಮಾಡಿದ್ದೆ ಅಂದಳು. ಅವಳ ಹೆಸರು ಆಗಲೇ ಪಟ್ಟಿಯಲ್ಲಿದೆ ಅಂತ, ಮುಂದೆ ಯಾರ್ಯಾರಿದ್ದಾರೆ ಅಂತ, ಎಲ್ಲ ಫೋನಿನ ಅಕ್ಕ ಹೇಳಿದ್ದರಂತೆ, ಮೂರು ದಿನದ ನಿಯಮದ ಸಮೇತ.

"ನನಗಿಂತ ಮುಂದೆ ಏಳು ಜನ ಇದಾರಂತೆ ಕಣೋ," ಅಂದಳು. "ಏಳಕ್ಕೆ ಏಳೂ ಹೆಬ್ಬೆರಳು. ಪಾಪ, ಒಬ್ರು ಮೇಜರ್ ಅಂತೆ. ಫೋನ್ ಎತ್ತೋಕೂ ಆಗ್ತಿಲ್ಲ ಅವರ ಕೈಲಿ. ಅವರದ್ದೆಲ್ಲ ಮೊದಲು ಆಗ್ಲಿ ಬಿಡು. ನಂದೇನು."

ಕಲಸಿದ ತುತ್ತನ್ನು ತಟ್ಟೆಗೇ ವಾಪಸ್ ಇಟ್ಟೆ. ಆ ಬೆರಳನ್ನು ಇಟ್ಟುಕೊಂಡು ಇಲ್ಲದ ಮೇಜರಿನ ಬೆರಳಿಗೆ ಮರುಗುತ್ತಿದ್ದಾಳೆ. ಇಂಥವಳು ನನ್ನ ದೊಡ್ಡಮ್ಮ ಅಂತ ಎದೆ ಉಬ್ಬಿತು, ನಾನು ಇಂಥವನು ಅಂತ ಅದೇ ಎದೆ ಇಳಿಯಿತು.

ಮರುದಿನ ಬೆಳಿಗ್ಗೆ ಕ್ಲಿನಿಕ್ಕಿಗೆ ಹೋದೆ. ಗಾಜಿನಲ್ಲಿ ದುಂಡಗಿನ ರಂಧ್ರ, ಅದರ ಹಿಂದೆ ಫೋನಿನ ಅಕ್ಕ. ನಲವತ್ತು ಕುರ್ಚಿ, ಅರವತ್ತು ಜನ. ಬಗ್ಗಿ, ಮೆಲ್ಲಗೆ, ಆ ಏಳು ಹೆಸರು ತೆಗೆದುಬಿಡಿ, ಅವು ನಾನೇ ಅಂದೆ. ಅಕ್ಕ ನನ್ನನ್ನು ಕನ್ನಡಕದ ಮೇಲಿನಿಂದ ನೋಡಿದರು. ರೋಗಿಯೇ ಹೇಳದೆ ಹೆಸರು ತೆಗೆಯುವ ಹಾಗಿಲ್ಲವಂತೆ, ನಿಯಮ.

"ಹಾಗಾದ್ರೆ ಒಬ್ಬೊಬ್ಬರಾಗಿ ಬಂದು ಹೇಳಲಿ," ಅಂದರು. "ಮೊದಲು ಮೇಜರ್. ಗಟ್ಟಿಯಾಗಿ. ಫೋನಲ್ಲಿ ಗೋಡೆ ಅದುರೋ ಹಾಗೆ ಮಾತಾಡ್ತಿದ್ರು ಅವರು."

ಹೇಳಿದೆ. ಎದೆ ಸೆಟೆಸಿ, ಮೇಜರ್ ಆಗಿ, ನನ್ನ ಬೆರಳು ವಾಸಿಯಾಗಿದೆ, ಹೆಸರು ಹೊಡೆಯಿರಿ ಅಂದೆ. ಮೇಷ್ಟ್ರು ಬಂದರು, ಮೂಗಿನಿಂದ. ಜಮೀನ್ದಾರ ಕೆಮ್ಮಿದ, ನಿಜವಾಗಿ ಕೆಮ್ಮುತ್ತಿದ್ದವರು ಕೆಮ್ಮು ನಿಲ್ಲಿಸಿ ಕೇಳಿದರು. ಕಿವಿ ಕೇಳದ ಹೆಂಗಸಿಗೆ ಅಕ್ಕ ಬೇಕಂತಲೇ ಎರಡು ಸಲ ಪ್ರಶ್ನೆ ಕೇಳಿದರು, ನಾನು ಬೆವರುತ್ತಾ ಎರಡು ಸಲವೂ ಏನಂದಿರಿ ಅಂದೆ. ಏಳನೆಯವಳು ಹೋದ ಮೇಲೆ ಅಕ್ಕ ಪೆನ್ನಿನಲ್ಲಿ ಏಳು ಗೆರೆ ಎಳೆದರು. ಪಟ್ಟಿಯಲ್ಲಿ ಮೊದಲ ಹೆಸರು ಈಗ ದೊಡ್ಡಮ್ಮನದು. ಮಂಗಳವಾರ ಒಬ್ಬರು ತಪ್ಪಿಸಿಕೊಂಡಿದ್ದರು, ಹನ್ನೊಂದು ಇಪ್ಪತ್ತು ಖಾಲಿ ಇತ್ತು.

ಮಂಗಳವಾರ ಡಾಕ್ಟರ್ ಬೆರಳಿನ ಬುಡಕ್ಕೆ ಒಂದು ಇಂಜೆಕ್ಷನ್ ಕೊಟ್ಟರು. ಆರೇ ನಿಮಿಷದ ಕೆಲಸ. ಹತ್ತು ದಿನದಲ್ಲಿ ಚಿಲಕ ಸಡಿಲವಾಯಿತು. ನಲವತ್ತು ಕೋಟು, ನೂರ ಅರವತ್ತು ಕಾಜ, ಒಂದೂ ಸೊಟ್ಟಗಿಲ್ಲ. ಮೊದಲ ಕೋಟನ್ನು ಕಟಿಂಗ್ ಮಾಸ್ಟರ್ ಬೆಳಕಿಗೆ ಹಿಡಿದು ಎಷ್ಟೋ ಹೊತ್ತು ನೋಡಿ, ಎರಡನೆಯದನ್ನು ತಂದು ಅವಳ ತೊಡೆಯ ಮೇಲೆ ಇಟ್ಟರಂತೆ. ಮೆಷಿನ್ ಇನ್ನೂ ಬಿಳಿ ಬಟ್ಟೆ ಹೊದ್ದುಕೊಂಡಿದೆ.

ಇಲ್ಲಿಗೆ ಮುಗಿಸಿದರೆ ನಾನೇ ಹೀರೋ. ಆದರೆ ಇದನ್ನು ದೊಡ್ಡಮ್ಮ ಓದುತ್ತಾಳೆ, ಆದ್ದರಿಂದ ನಿಜ ಹೇಳಿಬಿಡುತ್ತೇನೆ.

ಚಪ್ಪಾಳೆ ಹೊಡೆದದ್ದು ಒಬ್ಬನೇ, ಕಾಲಿಗೆ ಪಟ್ಟಿ ಕಟ್ಟಿಕೊಂಡಿದ್ದ ಒಬ್ಬ ಮುದುಕ, ಅದೂ ಅಳುಬುರುಕ ಅಳಿಯನಿಗೆ ಮಾತ್ರ. ವಾಚ್‌ಮನ್ ಕೈ ಎತ್ತಿದ್ದು ಸೆಲ್ಯೂಟಿಗಲ್ಲ, ಗಲಾಟೆ ಮಾಡಬೇಡ ಅನ್ನೋದಕ್ಕೆ. ಮತ್ತೆ, ಕ್ಲಿನಿಕ್ಕಿಗೆ ನಾನಾಗಿಯೇ ಹೋಗಲಿಲ್ಲ.

ಆ ಸಂಜೆ ನಾನು ಇನ್ನಷ್ಟು ಸಾರು ಹಾಕಿಸಿಕೊಂಡು ಊಟ ಮುಗಿಸಿಬಿಟ್ಟಿದ್ದೆ. ಬಾಯಿ ಬಿಡುವ ಧೈರ್ಯ ಬರಲಿಲ್ಲ. ದೊಡ್ಡಮ್ಮ ತಟ್ಟೆ ಎತ್ತಿಟ್ಟು ಬಂದು ಎದುರಿಗೆ ಕೂತಳು. ಫೋನಿನ ಅಕ್ಕ ಅವಳಿಗೆ ಇನ್ನೊಂದು ವಿಷಯವನ್ನೂ ಹೇಳಿದ್ದರು. ಏಳು ಜನವೂ ಫೋನ್ ಇಡುವ ಮುಂಚೆ ಒಂದೇ ಮಾತು ಹೇಳಿದ್ದರಂತೆ: ಹೆಸರು ಬರ್ಕೊಳ್ಳಿ, ಆಮೇಲೆ ಮರೆಯೋಕಾಗಲ್ಲ. ಅದು ನನ್ನ ಡೈಲಾಗ್. ಕನ್ನಡಿ ಮುಂದೆ ದಿನಾ ಹೊಡೆಯುವ ಡೈಲಾಗ್. ದನಿ ಏಳು ಬದಲಾಯಿಸಿದವನಿಗೆ ಅದೊಂದನ್ನು ಬಿಡಲು ಮನಸ್ಸಾಗಿರಲಿಲ್ಲ.

"ನಾಳೆ ಹೋಗಿ ಆ ಏಳು ಜನಾನೂ ಮನೆಗೆ ಕರ್ಕೊಂಡು ಬಾ," ಅಂದಳು ದೊಡ್ಡಮ್ಮ. "ಒಬ್ಬನ್ನ ಸಾಕಿದ್ದೇ ನನಗೆ ಸಾಕಾಗಿದೆ."

ಕಿವಿಗೆ ಕೈ ಹಾಕಿದಳು, ಬೆರಳು ಹಿಡಿಯಲಿಲ್ಲ. ಹಾಗಾಗಿ ಬೆಳಿಗ್ಗೆ ಉಳಿದ ನಾಲ್ಕು ಬೆರಳಿನಿಂದ ನನ್ನ ಕಾಲರ್ ಹಿಡಿದು ಕರೆದುಕೊಂಡು ಹೋದಳು. ನಾನು ಏಳು ದನಿಯಲ್ಲಿ ಬೆವರುವಾಗ ಮೊದಲ ಸಾಲಿನಲ್ಲಿ, ಕೈಚೀಲ ತೊಡೆಯ ಮೇಲಿಟ್ಟುಕೊಂಡು, ನೇರವಾಗಿ ಕೂತಿದ್ದಳು. ಪಕ್ಕದ ಹೆಂಗಸು ಯಾರದ್ರೀ ಈ ಹುಡುಗ ಅಂತ ಕೇಳಿದಾಗ, ದೊಡ್ಡಮ್ಮ ತಲೆ ತಗ್ಗಿಸುತ್ತಾಳೆ ಅಂದುಕೊಂಡೆ. "ನಮ್ಮವನೇ," ಅಂದಳು, ಇಡೀ ಹಾಲಿಗೆ ಕೇಳುವ ಹಾಗೆ.

ಬೆರಳು ಸರಿಹೋದ ದಿನ ಅದು ಮೊದಲು ಹಿಡಿದದ್ದು ಸೂಜಿಯನ್ನಲ್ಲ. ನನ್ನ ಎಡಗಿವಿಯನ್ನು. ಎಂಥ ಹಿಡಿತ ಅಂತೀರಿ. ಇಂಥ ಹೆಬ್ಬೆರಳು ಈ ಊರಲ್ಲಿ ಇನ್ನೊಂದಿಲ್ಲ. ಇದೊಂದು ಮಾತ್ರ ರೀಲಲ್ಲ.