ಹನ್ನೆರಡನೆಯ ಕಲ್ಲು

"ಇನ್ನೊಂದು ತಗೋ ತೊಕುಜಿ, ಒಂದೇ ಒಂದು," ಎಂದು ಫುಸಾಯೆ ಅನ್ನದುಂಡೆಯನ್ನು ಅವನ ಅಂಗೈಗೆ ಒತ್ತಿಯೇಬಿಟ್ಟಳು.

"ಅಕ್ಕಾ, ಇದು ನಾಲ್ಕನೇದು! ಗುಡ್ಡ ಹತ್ತೋದು ಕಾಲೋ, ಹೊಟ್ಟೆಯೋ?"

ಅಂಗಳದಲ್ಲಿ ಕೂತವರೆಲ್ಲ ನಕ್ಕರು. ಬಿಳಿ ಅಂಗಿ ತೊಟ್ಟು, ಗಂಟೆ ಕಟ್ಟಿದ ಕೋಲು ಹಿಡಿದು ಬಂದ ಊರಿನವರೇ. ಸಮುದ್ರ ದಾಟಿ ಶಿಕೋಕು ದ್ವೀಪಕ್ಕೆ ಹೋಗಿ ಎಂಬತ್ತೆಂಟು ದೇಗುಲ ಸುತ್ತಲು ಕಾಲಿಲ್ಲದವರು, ಪುರುಸೊತ್ತಿಲ್ಲದವರು ವಸಂತದಲ್ಲೊಮ್ಮೆ ಈ ಗುಡ್ಡವನ್ನೇ ಸುತ್ತುತ್ತಾರೆ. ಹಿಂದಿನವರು ಒಂದೊಂದು ದೇಗುಲದಿಂದ ಹಿಡಿ ಹಿಡಿ ಮಣ್ಣು ತಂದು, ಅದರ ಮೇಲೆ ಒಂದೊಂದು ಕಲ್ಲಿನ ಬುದ್ಧನನ್ನು ಕೂರಿಸಿದ್ದಾರೆ. ಮೊದಲನೆಯ ಕಲ್ಲು ಇರುವುದು ಫುಸಾಯೆಯ ಬೇಲಿಯ ಪಕ್ಕದಲ್ಲಿ. ಯಾತ್ರಿಕರಿಗೆ ತಿನ್ನಲು ಕೊಡುವುದು ಆ ಮನೆಯ ಹೆಂಗಸರ ಸೇವೆ. ಕೊಟ್ಟದ್ದನ್ನು ಯಾತ್ರಿಕ ಬೇಡ ಅನ್ನುವಂತಿಲ್ಲ.

ಆ ಕಟ್ಟಳೆಯಿಂದಲೇ ಫುಸಾಯೆ ಬೆಳಗಿನಿಂದ ಅವರನ್ನೆಲ್ಲ ಕಟ್ಟಿಹಾಕಿದ್ದಳು. ಉಂಡೆ ಮುಗಿದರೆ ಗೆಣಸು, ಗೆಣಸು ಮುಗಿದರೆ ಚಹಾ. ಹೊತ್ತು ಏರಲಿ, ಜನಕ್ಕೆ ತೂಕಡಿಕೆ ಬರಲಿ, ಯಾತ್ರೆ ಹೇಗಾದರೂ ಇನ್ನೊಂದು ದಿನಕ್ಕೆ ಹೋಗಲಿ. ಅವಳಿಗೆ ಬೇಕಾದದ್ದು ಅಷ್ಟೇ.

ವಾರವಿಡೀ ಹೊಯ್ದ ಮಳೆ ನಿನ್ನೆ ಬಿಟ್ಟಿತ್ತು. ಸಂಜೆ ಅವಳು ಬುದ್ಧರ ಕೊರಳಿಗೆ ಹೊಸ ಕೆಂಪು ಬಟ್ಟೆ ಕಟ್ಟಲು ಹೋದಾಗ, ಹನ್ನೆರಡನೆಯ ಕಲ್ಲು ಊರಿನ ಕಡೆಗೆ ವಾಲಿತ್ತು. ಅದರ ಹಿಂದೆ ನೆಲ ಕೈ ತೂರುವಷ್ಟು ಬಿರಿದಿತ್ತು.

ಗಂಡ ಇಸೋಕಿಚಿ ಕಿವಿಗೇ ಹಾಕಿಕೊಳ್ಳಲಿಲ್ಲ. ಯಾತ್ರೆಯ ಮುಂದಾಳು ಅವನೇ. "ನಿಂಗೆ ಬೆಕ್ಕು ಸೀನಿದ್ರೂ ಭೂಕಂಪ. ಯಾತ್ರೆ ಹೊತ್ತಲ್ಲಿ ಅಪಶಕುನ ನುಡೀಬೇಡ ಕಣೇ," ಅಂದಿದ್ದ. ಬೆಳಗಾಗುವ ಮೊದಲೇ ಎದ್ದು ಹೋಗಿದ್ದ. ಭಿಕ್ಷುವನ್ನು ಕರೆತರಲು ಹೋಗಿರಬೇಕು ಎಂದುಕೊಂಡಿದ್ದಳು.

ಗುಡ್ಡದ ನೀರು ಬಿದಿರ ದಬ್ಬೆಯಲ್ಲಿ ಹರಿದು ಅಂಗಳದ ಕಲ್ಲುಬಾನಿಗೆ ಬೀಳುತ್ತದೆ. ಇವತ್ತು ಅದು ಮಿಸೋ ಸಾರಿನ ಕಂದು ಬಣ್ಣಕ್ಕೆ ತಿರುಗಿತ್ತು. ನೀರು ಕೆಸರಾದರೆ ಗುಡ್ಡದ ಕಡೆ ಒಂದು ಕಣ್ಣಿಟ್ಟಿರಬೇಕು, ನಿಂತೇಹೋದರೆ ಗುಡ್ಡ ಕುಸಿಯುತ್ತದೆ, ಚಪ್ಪಲಿಯನ್ನೂ ಹುಡುಕದೆ ಓಡಬೇಕು ಎಂದು ಅತ್ತೆ ಹೇಳಿಕೊಟ್ಟಿದ್ದಳು.

"ಸಾಕಕ್ಕಾ, ಹೊರಡ್ತೀವಿ," ಎಂದು ತೊಕುಜಿ ಕೋಲೆತ್ತಿದ.

"ನಮ್ಮೋರು ಬರ್ಲಿ ತಡಿಯೋ. ಭಿಕ್ಷುಗಳನ್ನ ಕರ್ಕೊಂಡು ಬರೋಕೆ ಹೋಗಿದ್ದಾರೆ."

ಪಕ್ಕದ ಮನೆಯ ಮುದುಕಿ ಕಿಯೊ ಬೊಚ್ಚುಬಾಯಲ್ಲಿ ಗೆಣಸು ಮೆಲ್ಲುತ್ತ ತಲೆಯೆತ್ತಿದಳು. "ಎಲ್ಲಿಯ ಭಿಕ್ಷು? ಇದು ಅಧಿಕ ವರ್ಷ ಅಲ್ವೇನೇ? ಈ ವರ್ಷ ಕೊನೆಯಿಂದ ಮೊದಲಿಗೆ ನಡೆದ್ರೆ ಮೂರು ಪಟ್ಟು ಪುಣ್ಯ. ಆ ಏರು ನಮ್ಮ ಕಾಲಿಗಾಗಲ್ಲ. ಅವನು ಎಂಬತ್ತೆಂಟರ ಕಡೆಯಿಂದ ಹತ್ತಿದ, ಹೆಗಲ ಮೇಲೆ ಹಾರೆ ಬೇರೆ. 'ನೀವು ಒಂದರಿಂದ ಬನ್ನಿ, ದಾರೀಲಿ ಸಿಗ್ತೀನಿ. ನನ್ನವಳು ರಾತ್ರಿಯೆಲ್ಲ ಕಣ್ಣು ಮುಚ್ಚಿಲ್ಲ, ಆ ಹನ್ನೆರಡನೇ ಕಲ್ಲು ನೆಟ್ಟಗೆ ಮಾಡಿಬಿಡ್ತೀನಿ' ಅಂದ."

ಅಧಿಕ ವರ್ಷ. ಅವಳಿಗೆ ಮರೆತೇಹೋಗಿತ್ತು. ಮುಂಬಾಗಿಲಿಗೆ ಅಡ್ಡ ಕೂತವಳು ಹಿತ್ತಿಲ ಬಾಗಿಲನ್ನು ತೆರೆದೇ ಬಿಟ್ಟಂತಾಗಿತ್ತು. ಅವನನ್ನು ಅಲ್ಲಿಗೆ ಅಟ್ಟಿದ್ದು ತನ್ನ ಮಾತೇ.

ಅವಳು ಬೇಲಿಯ ಬಳಿಗೆ ಓಡಿದಳು. ಮೇಲೆ ಮರಗಳ ಮರೆಯಲ್ಲಿ ಕಬ್ಬಿಣ ಕಲ್ಲಿಗೆ ತಾಗುವ ಸದ್ದು. ಠಣ್. ಠಣ್.

"ರೀ! ಬಿಟ್ಟು ಬನ್ರೀ! ಕೆಳಗಿಳೀರಿ!"

"ಬಂದೆ ಕಣೇ! ಇನ್ನೊಂಚೂರು!" ಅವನ ದನಿಯಲ್ಲಿ ನಗುವಿತ್ತು.

"ಉಂಡೆ ಇಟ್ಟಿದ್ದೀನಿ! ಯಾತ್ರಿಕ ಬೇಡ ಅನ್ನೋ ಹಾಗಿಲ್ಲ ರೀ!"

"ಬೇಡ ಅಂದೋರ್ಯಾರು? ನನ್ನ ಪಾಲು ತೆಗೆದಿಡು!"

ಠಣ್. ಠಣ್.

ಬೆನ್ನ ಹಿಂದೆ ಏನೋ ಕಡಿಮೆಯಾದಂತಾಗಿ ಫುಸಾಯೆ ತಿರುಗಿದಳು. ದಬ್ಬೆಯಿಂದ ನೀರು ಬೀಳುತ್ತಿರಲಿಲ್ಲ. ತುದಿಯಲ್ಲಿ ಕೆಸರಿನ ಹನಿಯೊಂದು ತೂಗಿ, ಬಿತ್ತು.

ತೊಕುಜಿಯೂ ಅದನ್ನು ನೋಡಿದ. ಕಿಯೊಳನ್ನು ಬೆನ್ನಿಗೆ ಎತ್ತಿಕೊಂಡು, "ದಡಕ್ಕೆ, ಎಲ್ಲಾರೂ ದಡಕ್ಕೆ!" ಎಂದು ಕಿರುಚಿದ. ಕೋಲುಗಳ ಗಂಟೆಗಳು ಒಟ್ಟಿಗೇ ಗಲಗಲಿಸುತ್ತ ಸಮುದ್ರದ ಕಡೆಗೆ ಇಳಿದುಹೋದವು. "ಫುಸಾಯೆ, ಬಾರೇ!" ಎಂದು ಮುದುಕಿ ಕೂಗುತ್ತಲೇ ಇದ್ದಳು.

ಅವಳು ತಟ್ಟೆಯಿಂದ ಉಂಡೆಯೊಂದನ್ನು ತೆಗೆದು, ಎರಡೂ ಕೈಯಲ್ಲಿ ಗುಡ್ಡದ ಕಡೆಗೆ ಚಾಚಿ ನಿಂತಳು. ಮೇಲೆ ಹಾರೆಯ ಸದ್ದು ಇನ್ನೂ ಕೇಳುತ್ತಿತ್ತು.